ಸಿಮೆಂಟ್ ಅಂಗಳದಲ್ಲಿ ಶಾಲಾ ಕೈತೋಟ: ಏನು ಬೆಳೆಸೋದು, ಮಕ್ಕಳಿಗೆ ತಿನ್ನೋ ರೂಢಿ ಹೇಗೆ?

ನಲಿಕಲಿ_ಟೀಚರ್:
ಯಶವಂತಪುರ ಕಡೆಯ ಕಿರಿಯ ಪ್ರಾಥಮಿಕ ಶಾಲೆ, ಒಂದರಿಂದ ಐದನೇ ತರಗತಿವರೆಗೆ 60 ಮಕ್ಕಳು. ಕಟ್ಟಡದ ಹಿಂದೆ 20 ಅಡಿ ಉದ್ದ, 12 ಅಡಿ ಅಗಲದ ಸಿಮೆಂಟ್ ಅಂಗಳ ಇದೆ. ಬೆಳಗ್ಗೆ ಎಂಟರಿಂದ ಮಧ್ಯಾಹ್ನ ಒಂದರವರೆಗೆ ಬಿಸಿಲು. ಕಾವೇರಿ ನೀರು ದಿನ ಬಿಟ್ಟು ದಿನ. ಬಿಸಿಯೂಟ ಹೊರಗಿನ ಅಡುಗೆಮನೆಯಿಂದ ಡಬ್ಬಿಯಲ್ಲಿ ಬರುತ್ತೆ, ಶಾಲೆಯಲ್ಲಿ ಒಲೆ ಇಲ್ಲ. ಜೂನ್‌ನಲ್ಲಿ ಕೈತೋಟ ಶುರು ಮಾಡಬೇಕು. ಮಣ್ಣು ಎಷ್ಟು ಬೇಕು, ಯಾವ ಬೆಳೆ ಹಾಕೋದು? ಸಾಂಬಾರಿನ ತರಕಾರಿಯನ್ನೆಲ್ಲ ತಟ್ಟೆ ಅಂಚಿಗೆ ತಳ್ಳೋ ಮಕ್ಕಳಿಗೆ ತಿನ್ನೋ ರೂಢಿ ಹೇಗೆ ಮಾಡಿಸೋದು?

ಕೆಮ್ಮಣ್ಣು:
ಐದು ಗಂಟೆ ಬಿಸಿಲು ಸೊಪ್ಪಿಗೆ, ಮೂಲಂಗಿಗೆ ಧಾರಾಳ ಸಾಕು ಮೇಡಂ. ಟೊಮ್ಯಾಟೊ, ಕ್ಯಾಪ್ಸಿಕಂ ಕಡೆ ಹೋಗಲೇಬೇಡಿ. ಮಳೆಗಾಲದಲ್ಲಿ ಟೊಮ್ಯಾಟೊಗೆ ಅಂಗಮಾರಿ ರೋಗ ಬಂತು ಅಂದ್ರೆ ಮಕ್ಕಳಿಗೆ ಸಿಗೋದು ಕಪ್ಪಾದ ಗಿಡ ಮಾತ್ರ.

4 ಅಡಿ ಉದ್ದ, 2 ಅಡಿ ಅಗಲ, 1 ಅಡಿ ಎತ್ತರದ ಎಚ್‌ಡಿಪಿಇ ಗ್ರೋ ಬ್ಯಾಗ್ (ಗಿಡ ಬೆಳೆಸೋ ಗಟ್ಟಿ ಪ್ಲಾಸ್ಟಿಕ್ ಚೀಲ) ಆರು ತಗೊಳ್ಳಿ. ಅಗಲ ಎರಡೇ ಅಡಿ ಇದ್ದರೆ ಒಂದನೇ ತರಗತಿ ಮಗುವೂ ಮಣ್ಣು ತುಳಿಯದೆ ನಡುವಿನವರೆಗೆ ಕೈ ಹಾಕಬಹುದು. ಬ್ಯಾಗನ್ನ ನೇರ ಸಿಮೆಂಟ್ ಮೇಲೆ ಇಡಬೇಡಿ. ಕೆಳಗೆ ಇಟ್ಟಿಗೆ ಸಾಲು ಕೊಟ್ಟರೆ ನೀರು ಬಸಿದು ಹೋಗುತ್ತೆ, ಇಲ್ಲದಿದ್ರೆ ತಳದ ತೂತು ಮುಚ್ಚಿಕೊಂಡು ಬೇರು ಕೊಳೆಯುತ್ತೆ.

ಹತ್ತು ಇಂಚು ತುಂಬಿಸೋಕೆ ಆರಕ್ಕೂ ಸೇರಿ ಸುಮಾರು 1,130 ಲೀಟರ್ ಮಿಶ್ರಣ ಬೇಕು. ಅರ್ಧ ಕೆಮ್ಮಣ್ಣು, ಕಾಲು ಎರೆಗೊಬ್ಬರ, ಕಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ). ಅಂದ್ರೆ ಮಣ್ಣು ಮುಕ್ಕಾಲು ಟನ್ ಹತ್ತಿರ, 50 ಕೆಜಿಯ ಗೊಬ್ಬರದ ಮೂಟೆ ನಾಲ್ಕು, 5 ಕೆಜಿಯ ಕೋಕೋಪೀಟ್ ಇಟ್ಟಿಗೆ ನಾಲ್ಕು (ಒಂದು ನೆನೆದರೆ 65–70 ಲೀಟರ್ ಆಗುತ್ತೆ). ಕೋಕೋಪೀಟ್ ನೆನೆಸಿ, ಹಿಂಡಿ, ಆ ನೀರು ಚೆಲ್ಲಿ. ಎರಡು ಸಲ ಹೀಗೆ ಮಾಡಿ. ಅದರಲ್ಲಿ ಉಪ್ಪು ಉಳಿದರೆ ಎಲೆಯ ಅಂಚು ಸುಡುತ್ತೆ. ಕಟ್ಟಡ ಕೆಡವಿದ ಜಾಗದ ಮಣ್ಣು ಪುಕ್ಕಟೆ ಸಿಕ್ಕರೂ ಬೇಡ. ಸಿಮೆಂಟ್, ಸುಣ್ಣ, ಹಳೇ ಬಣ್ಣದ ಚೂರು, ಗಾಜು ಎಲ್ಲ ಇರುತ್ತೆ, ಮಕ್ಕಳು ಬರಿಗೈಲಿ ಮುಟ್ಟೋ ಮಣ್ಣು ಅದು. ಗೊಬ್ಬರ ಮೂಸಿ ನೋಡಿ: ಮಳೆ ಬಿದ್ದ ಮಣ್ಣಿನ ವಾಸನೆ ಇರಬೇಕು. ಮೂಟೆಯೊಳಗೆ ಕೈ ಹಾಕಿದಾಗ ಬಿಸಿ ತಾಗಿದರೆ ಇನ್ನೂ ಕಳಿತಿಲ್ಲ ಅಂತ, ಮೊಳಕೆ ಸುಡುತ್ತೆ.

ಒಂದೊಂದು ಬ್ಯಾಗೂ ಒಂದು ಮಡಿ, ಬೆಳೆ ಹೀಗೆ ಹಂಚಿ. ಎರಡು ಮಡಿ ದಂಟು, ಒಂದು ಮೆಂತ್ಯ, ಎರಡು ಮೂಲಂಗಿ, ಒಂದು ಪೊದೆ ಹುರುಳಿಕಾಯಿ (ಬೀನ್ಸ್). ದಂಟಿಗೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಸುಗುಣ’ ಚೆನ್ನಾಗಿರುತ್ತೆ. ಬುಡದಿಂದ ಎರಡು ಇಂಚು ಬಿಟ್ಟು ಕೊಯ್ದರೆ ಮತ್ತೆ ಚಿಗುರುತ್ತೆ, ಮೊದಲ ಕೊಯ್ಲು 25–30 ದಿನಕ್ಕೆ. ಮಡಿಗೆ ಕಾಲು ಚಮಚ ಬೀಜ, ಒಂದು ಹಿಡಿ ಒಣ ಮರಳಲ್ಲಿ ಕಲಸಿ ಎರಚಿಸಿ. ಹಾಗೇ ಕೊಟ್ಟರೆ ಮಕ್ಕಳು ಒಂದೇ ಕಡೆ ಸುರಿದುಬಿಡ್ತಾರೆ. ಮೇಲೆ ತೆಳ್ಳಗೆ ಗೊಬ್ಬರ ಉದುರಿಸದಿದ್ದರೆ ಬೆಳಗಾಗೋದ್ರೊಳಗೆ ಇರುವೆ ಹೊತ್ತೊಯ್ದಿರುತ್ತೆ. ಮೆಂತ್ಯ 20 ಗ್ರಾಂ, ರಾತ್ರಿ ನೆನೆಸಿದ್ದು. ನಾಲ್ಕು ದಿನಕ್ಕೆ ಮೊಳಕೆ ಕಾಣುತ್ತೆ, ಒಂದನೇ ತರಗತಿಗೆ ಇದೇ ಕೊಡಿ. ಕೊತ್ತಂಬರಿ ಮೊಳೆಯೋಕೆ ಹತ್ತು ದಿನದ ಮೇಲೂ ಹಿಡಿಯಬಹುದು, ಚಿಕ್ಕವರಿಗೆ ಅಷ್ಟು ತಾಳ್ಮೆ ಇರಲ್ಲ. ಮೂಲಂಗಿ ಮೂರು ಇಂಚಿಗೊಂದು. ಒತ್ತಾಗಿ ಬಂದದ್ದನ್ನ ಕಿತ್ತು ತೆಗೀಲೇಬೇಕು, ಇಲ್ಲದಿದ್ರೆ ಬರೀ ಸೊಪ್ಪು, ಗಡ್ಡೆ ದಾರದಷ್ಟೇ.

ಹೆಚ್ಚಿನ ಗಿಡ ಸಾಯೋದು ಅತಿ ನೀರಿನಿಂದ. ಅರವತ್ತು ಮಕ್ಕಳೂ ಒಂದೊಂದು ಮಗ್ ಹಾಕಿದರೆ ಮೊಳಕೆಯ ಬುಡ ನೂಲಿನ ಹಾಗೆ ಸಣ್ಣಗಾಗಿ ಮಗುಚಿ ಬೀಳುತ್ತೆ. ದಿನಕ್ಕೊಂದು ತರಗತಿಯ ಪಾಳಿ ಮಾಡಿ. ಮೊದಲು ಬೆರಳು ಒಂದು ಗೆಣ್ಣಿನವರೆಗೆ ಚುಚ್ಚಿ ನೋಡಲಿ. ತಂಪಿದ್ದರೆ ಅವತ್ತು ನೀರಿಲ್ಲ. ಮಳೆ ಇಲ್ಲದ ದಿನ ಆರೂ ಮಡಿಗೆ ಸೇರಿ 25–30 ಲೀಟರ್ ಸಾಕು. ಡ್ರಮ್ಮಿಗೆ ಬಿಗಿ ಮುಚ್ಚಳ ಇರಲಿ, ಡೆಂಗಿ ಸೊಳ್ಳೆ ಮೊಟ್ಟೆ ಇಡೋದೇ ನಿಂತ ತಿಳಿನೀರಲ್ಲಿ.

ಲೆಕ್ಕದ_ಮೇಷ್ಟ್ರು:
ಒಂದು ಮಾತು ಸೇರಿಸ್ತೀನಿ. ಈ ತೋಟ ಬಿಸಿಯೂಟಕ್ಕೆ ತರಕಾರಿ ಒದಗಿಸುತ್ತೆ ಅಂತ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಹೇಳಬೇಡಿ. ಪ್ರಾಥಮಿಕ ಹಂತದಲ್ಲಿ ಮಗುವಿಗೆ ದಿನಕ್ಕೆ 50 ಗ್ರಾಂ ತರಕಾರಿ ಅಂತ ನಿಯಮ. 60 ಮಕ್ಕಳಿಗೆ 3 ಕೆಜಿ. ಆರೂ ಮಡಿಗೆ ದಂಟೇ ಹಾಕಿ ಚೆನ್ನಾಗಿ ಬಂದರೂ ಒಂದು ಕೊಯ್ಲು ಎರಡು ದಿನದ ಪಾಲು. ಇದು ಕಲಿಸೋ ತೋಟ, ಹಾಗಂತಲೇ ಒಪ್ಪಿಸಿ. ಇದೇ ಲೆಕ್ಕವನ್ನ ನಾಲ್ಕು-ಐದನೇ ತರಗತಿಗೆ ಕೊಡಿ: ತಕ್ಕಡಿಯಲ್ಲಿ ತೂಗಿ, ತಲಾ ಎಷ್ಟು ಗ್ರಾಂ ಬಂತು ಅಂತ ಭಾಗಿಸಲಿ.

ದಸರಾ ರಜೆಯ ಲೆಕ್ಕವೂ ಮುಖ್ಯ. ರಜೆಗೆ ಮೊದಲು ಕೊಯ್ಲಿಗೆ ಬರದಷ್ಟು ತಡವಾಗಿ ಬಿತ್ತಬೇಡಿ, ರಜೆಯಲ್ಲಿ ಬಲಿತುಬಿಡುತ್ತೆ.

ಕೋಸಂಬರಿ:
ತಿನ್ನಿಸೋ ವಿಚಾರಕ್ಕೆ ಬರ್ತೀನಿ, ನನ್ನ ಮಟ್ಟಿಗೆ ತೋಟ ಇರೋದೇ ಅದಕ್ಕೆ. ಒಲೆ ಇಲ್ಲದಿದ್ದರೂ ಮೂಲಂಗಿ ಕೋಸಂಬರಿ ಆಗುತ್ತೆ. 60 ಮಕ್ಕಳಿಗೆ ಎರಡೆರಡು ಚಮಚದ ಹಾಗೆ: ಹೆಸರುಬೇಳೆ 750 ಗ್ರಾಂ, ತುರಿದ ಮೂಲಂಗಿ 1 ಕೆಜಿ, ಒಂದು ತೆಂಗಿನಕಾಯಿ, ಐದು ನಿಂಬೆಹಣ್ಣು, ಕೊತ್ತಂಬರಿ. ಬೇಳೆಯನ್ನ ಕುಡಿಯೋ ನೀರಲ್ಲಿ ಎರಡು ಗಂಟೆ ನೆನೆಸಿ. ಉಗುರಲ್ಲಿ ಒತ್ತಿದರೆ ತುಂಡಾಗಬೇಕು. ಮಕ್ಕಳು ಮೂಗು ಮುಚ್ಚಿಕೊಳ್ಳೋದು ಮೂಲಂಗಿ ಘಾಟಿಗೆ, ಅದಕ್ಕೆ ತುರಿಗೆ ಚಿಟಿಕೆ ಉಪ್ಪು ಹಾಕಿ ಹತ್ತು ನಿಮಿಷ ಬಿಟ್ಟು ಹಿಂಡಿ. ಉಳಿದ ಉಪ್ಪು ಬಡಿಸೋ ಹೊತ್ತಿಗೇ, ಮೊದಲೇ ಹಾಕಿದರೆ ನೀರು ಬಿಟ್ಟುಕೊಂಡು ಪಿಚಪಿಚ ಆಗುತ್ತೆ. ತುರಿಯೋ ಕೆಲಸ ದೊಡ್ಡವರದು. ಮಕ್ಕಳಿಗೆ ತೊಳೆಯೋದು, ಕೊತ್ತಂಬರಿ ಬಿಡಿಸೋದು, ನಿಂಬೆ ಹಿಂಡೋದು. ನಿಂಬೆಯ ಸಿ ಜೀವಸತ್ವ ಇದ್ದರೆ ಬೇಳೆ-ಸೊಪ್ಪಿನ ಕಬ್ಬಿಣ ಮೈಗೆ ಚೆನ್ನಾಗಿ ಹಿಡಿಯುತ್ತೆ ಅನ್ನೋದನ್ನ ಹಿಂಡುವಾಗಲೇ ಹೇಳಿ.

“ತಿನ್ನಲೇಬೇಕು” ಅನ್ನಬೇಡಿ, ತಿಂದವರಿಗೆ ಚಾಕೊಲೇಟೂ ಬೇಡ. ಚಾಕೊಲೇಟ್ ಕೊಟ್ಟರೆ ಮೂಲಂಗಿ ಶಿಕ್ಷೆ ಅಂತಲೇ ಮಗು ತಿಳಿಯುತ್ತೆ. ಮೂಸಲಿ, ನೆಕ್ಕಲಿ, ಬೇಡ ಅಂದ್ರೆ ಪಕ್ಕಕ್ಕಿಡಲಿ. ಒಂದೇ ತರಕಾರಿ ಎಂಟು-ಹತ್ತು ಸಲ ಮುಂದೆ ಬಂದ ಮೇಲೆ ಎಷ್ಟೋ ಮಕ್ಕಳು ತಾವೇ ಬಾಯಿಗಿಡ್ತಾರೆ. ದಂಟು, ಮೆಂತ್ಯವನ್ನ ಪಾಳಿಯ ಮೇಲೆ ಕಟ್ಟು ಮಾಡಿ ಮನೆಗೆ ಕಳಿಸಿ. ಬಸ್ಸಾರು, ಮಸ್ಸೊಪ್ಪು ಏನು ಮಾಡಿದ್ರು ಅಂತ ಮಾರನೇ ದಿನ ತರಗತಿಯಲ್ಲಿ ಹೇಳಲಿ.

ಹಸಿಯಾಗಿ ತಿನ್ನೋ ಬೆಳೆಗೆ ಹಸಿ ಸಗಣಿ ನೀರು, ಜೀವಾಮೃತ (ಸಗಣಿ-ಗಂಜಲ ಕಲಸಿ ಕೊಳೆಸಿದ ದ್ರಾವಣ) ಹಾಕಲೇಬಾರದು, ಹೊಟ್ಟೆ ಕೆಡೋ ಕ್ರಿಮಿ ಬರುತ್ತೆ. ಹರಿಯೋ ನೀರಲ್ಲಿ ಮೂರು ಸಲ ತೊಳೆದೇ ಬಳಸಿ.

ನಲಿಕಲಿ_ಟೀಚರ್:
ತುಂಬಾ ಉಪಯೋಗ ಆಯ್ತು. ಹಿಂದಿನ ಕಾಂಪೌಂಡ್ ಗೋಡೆ ಏಳಡಿ ಇದೆ, ಅಲ್ಲಿ ಬಳ್ಳಿ ಬೆಳೆಸಬಹುದಾ? ಗಿಡಕ್ಕೆ ಹೇನು ಹತ್ತಿದರೆ ಏನು ಹೊಡೆಯೋದು?

ಕೆಮ್ಮಣ್ಣು:
ಗೋಡೆಗೆ ಅವರೆ ಹಬ್ಬಿಸಿ. 12 ಇಂಚಿನ ಚೀಲ ನಾಲ್ಕು, ಚೀಲಕ್ಕೆ ಎರಡು ಗಿಡ, ಮೊಳೆ ಹೊಡೆದು ಸುತಲಿ ಕಟ್ಟಿ. ನಾಟಿ ಅವರೆಯನ್ನ ಆಗಸ್ಟಲ್ಲಿ ಊರಿದರೆ ಹಗಲು ಚಿಕ್ಕದಾದ ಮೇಲೆ ಹೂ ಬಿಡುತ್ತೆ, ಡಿಸೆಂಬರ್-ಜನವರಿಗೆ ಕಾಯಿ. ದಸರಾ ರಜೆಯಲ್ಲಿ ಎರಡು ದಿನಕ್ಕೊಮ್ಮೆ ಯಾರಾದ್ರೂ ನೀರು ಹಾಕಿದರೆ ಸಾಕು. ಕಾಳು ಸುಲಿದು ರಾತ್ರಿ ನೆನೆಸಿಟ್ಟರೆ ಹಿತುಕೋ ಕೆಲಸ ಮಕ್ಕಳಿಗೆ ಬಲು ಇಷ್ಟ. ಆದ್ರೆ ಹಸಿ ಕಾಳು ಯಾರೂ ಬಾಯಿಗೆ ಹಾಕಬಾರದು, ಬೇಯಿಸಿಯೇ ತಿನ್ನಬೇಕು. ಹಿತುಕಿದ್ದನ್ನ ಮನೆಗೇ ಕಳಿಸಿ.

ಅವರೆಯ ಎಳೆ ತುದಿಗೆ ಕಪ್ಪು ಹೇನು ಬಂದೇ ಬರುತ್ತೆ. ಮೊದಲು ಜೋರು ನೀರಲ್ಲಿ ತೊಳೆದುಬಿಡಿ. ಹೋಗದಿದ್ರೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, 2 ಮಿಲಿ ಸೋಪಿನ ದ್ರಾವಣ. ಎಣ್ಣೆಯನ್ನ ಮೊದಲು ಸೋಪಲ್ಲಿ ಕಲಸಿ ಆಮೇಲೆ ನೀರಿಗೆ ಹಾಕಿ, ಇಲ್ಲದಿದ್ರೆ ಎಣ್ಣೆ ತೇಲಿ ಎಲೆ ಸುಡುತ್ತೆ. ಮಕ್ಕಳು ಮನೆಗೆ ಹೋದ ಮೇಲೆ, ಸಂಜೆ ಹೊಡೆಯಿರಿ.