ಕಾಡುಹಂದಿಗೆ ಝಟಕಾ ಬೇಲಿ: ತಂತಿ ಎಷ್ಟು ಎತ್ತರ, ಅರ್ತಿಂಗ್ ಹೇಗೆ?

ಪ್ರಶ್ನೆ: ಸರ್, ಮೆಕ್ಕೆಜೋಳದ ಹೊಲಕ್ಕೆ ಮೂರು ಸಾಲು ಝಟಕಾ ತಂತಿ (ಮಷಿನ್‌ನಿಂದ ಬಿಟ್ಟು ಬಿಟ್ಟು ಕರೆಂಟಿನ ಹೊಡೆತ ಬರುವ ಬೇಲಿ ತಂತಿ) ಎಳೆದಿದ್ದೇವೆ. ಕೆಳಗಿನ ತಂತಿ ನೆಲದಿಂದ ಒಂದೂವರೆ ಅಡಿ ಮೇಲಿದೆ. ಮಷಿನ್ ಟಿಕ್ ಟಿಕ್ ಅನ್ನುತ್ತಿದೆ, ಮುಟ್ಟಿದರೆ ನಮಗೂ ಹೊಡೆಯುತ್ತದೆ. ಆದರೂ ರಾತ್ರಿ ಹಂದಿಗಳು ನುಗ್ಗುತ್ತಿವೆ. ದೊಡ್ಡ ಮಷಿನ್ ತರಬೇಕಾ?

ಉತ್ತರ: ಮಷಿನ್ ಬಿಡಿ, ಮೊದಲು ತಂತಿ ಇಳಿಸಿ. ಹಂದಿಗೆ ಝಟಕಾ ಸರಿಯಾಗಿ ತಾಗುವ ಜಾಗ ಅಂದರೆ ಮೂತಿ. ಅಲ್ಲಿ ಕೂದಲಿಲ್ಲ, ಸದಾ ಒದ್ದೆ. ಬೆನ್ನು ಭುಜದ ಮೇಲೆ ಗಡಸು ಕೂದಲು, ದಪ್ಪ ಚರ್ಮ, ಅದರ ಮೇಲೆ ಒಣಗಿದ ಕೆಸರು. ನಿಮ್ಮ ತಂತಿ ಒಂದೂವರೆ ಅಡಿಗಿದ್ದರೆ ಹಂದಿ ನೆಲ ಮೂಸುತ್ತಲೇ ತಲೆ ತೂರಿಸಿಬಿಡುತ್ತದೆ. ತಲೆ ದಾಟಿದ ಮೇಲೆ ಕುತ್ತಿಗೆಗೆ ಹೊಡೆದರೆ ಅದು ಹಿಂದೆ ಸರಿಯುವುದಿಲ್ಲ, ಬೆದರಿ ಮುಂದಕ್ಕೇ ಹಾರುತ್ತದೆ, ತಂತಿಯೂ ಕಿತ್ತು ಹೋಗುತ್ತದೆ.

ಕೆಳಗಿನ ತಂತಿ ನೆಲದಿಂದ 20 ಸೆಂ.ಮೀ., ಎರಡನೆಯದು 45, ಮೂರನೆಯದು 75 ಇರಲಿ. ಈ ಅಳತೆ ಕಂಬದ ಹತ್ತಿರ ಮಾತ್ರ ಇದ್ದರೆ ಸಾಲದು. ಎರಡು ಕಂಬಗಳ ನಡುವೆ ನೆಲ ತಗ್ಗಾಗಿದ್ದರೆ, ಬದು ದಾಟುವ ಜಾಗದಲ್ಲಿ, ನೀರಿನ ಕಾಲುವೆಯ ಬಾಯಲ್ಲಿ ಇನ್ನೊಂದು ಗೂಟ ನೆಟ್ಟು, ಇನ್ಸುಲೇಟರ್ ಹಾಕಿ ತಂತಿಯನ್ನು ನೆಲದ ಏರಿಳಿತಕ್ಕೆ ತಕ್ಕಂತೆ ಎಳೆಯಿರಿ. ಹಂದಿ ಹುಡುಕುವುದು ಅಂಥ ಸಂದುಗಳನ್ನೇ.

ಪ್ರಶ್ನೆ: ತಂತಿ ಇಳಿಸಿದೆವು ಸರ್. ಬೇಲಿ ಮೀಟರ್‌ನಲ್ಲಿ ಮಷಿನ್ ಹತ್ತಿರ 6,000 ವೋಲ್ಟ್ ಇದೆ, ಹೊಲದ ಆ ತುದಿಯಲ್ಲಿ 1,800 ಮಾತ್ರ.

ಉತ್ತರ: 1,800ಕ್ಕೆ ಕಾಡುಹಂದಿ ಬೆದರುವುದಿಲ್ಲ. ಕೊನೆಯ ಕಂಬದಲ್ಲೂ 4,000ಕ್ಕಿಂತ ಕಡಿಮೆ ಇರಬಾರದು. ಮಷಿನ್ ಬಳಿ ಚೆನ್ನಾಗಿದ್ದು ತುದಿಯಲ್ಲಿ ಬಿದ್ದುಹೋಗಿದೆ ಅಂದರೆ ದಾರಿಯಲ್ಲೇ ಸೋರುತ್ತಿದೆ. ಕೆಳಗಿನ ತಂತಿಗೆ ಹಸಿ ಹುಲ್ಲು ತಾಗಿದ್ದರೆ ಒಂದೊಂದು ಎಸಳೂ ಒಂದಿಷ್ಟು ಕರೆಂಟನ್ನು ನೆಲಕ್ಕೆ ಇಳಿಸುತ್ತದೆ. ಬೇಲಿಯುದ್ದಕ್ಕೂ ಒಂದಡಿ ಅಗಲ ಕಳೆ ತೆಗೆಯಿರಿ. ಬಿರುಕು ಬಿಟ್ಟ ಇನ್ಸುಲೇಟರ್, ತುಕ್ಕು ಹಿಡಿದ ಗಂಟು ಇವೆಯೇ ನೋಡಿ. ರಾತ್ರಿ ನಡೆದು ಹೋದರೆ ಸೋರುವ ಕಡೆ ಚಟ್ ಚಟ್ ಸದ್ದು ಕೇಳುತ್ತದೆ, ಕಿಡಿಯೂ ಕಾಣುತ್ತದೆ. ತಂತಿಗಳನ್ನು ಬರಿದೇ ಸುತ್ತಿ ಬಿಡಬೇಡಿ, ಕ್ಲಾಂಪ್ ಹಾಕಿ ಬಿಗಿಮಾಡಿ.

ಅರ್ತಿಂಗನ್ನೂ, ಅಂದರೆ ಮಷಿನ್‌ನಿಂದ ನೆಲದಲ್ಲಿ ಹೂತ ಸಲಾಕೆಗೆ ಕೊಟ್ಟ ಸಂಪರ್ಕವನ್ನೂ ಪರೀಕ್ಷಿಸಿ. ಹೆಚ್ಚಿನವರು ಒಂದು ತುಂಡು ಸಲಾಕೆ ಬಡಿದು ಕೈತೊಳೆದುಕೊಳ್ಳುತ್ತಾರೆ, ಬೇಲಿ ಸೋಲುವುದು ಅಲ್ಲೇ. ಹಂದಿಯ ಮೈಯಿಂದ ನೆಲಕ್ಕಿಳಿದ ಕರೆಂಟು ಮಣ್ಣಿನೊಳಗಿಂದ ಮಷಿನ್‌ಗೆ ವಾಪಸು ಬಂದರೆ ತಾನೇ ಸರ್ಕ್ಯೂಟ್ ಪೂರ್ತಿಯಾಗುವುದು? ಕಡಿಮೆಯೆಂದರೂ ಮೂರು ಜಿಐ (ಸತು ಲೇಪಿಸಿದ ಕಬ್ಬಿಣದ) ಸಲಾಕೆ, ಒಂದೊಂದೂ ಎರಡು ಮೀಟರ್ ಉದ್ದ, ಮೂರು ಮೂರು ಮೀಟರ್ ಅಂತರದಲ್ಲಿ ಹೂತು, ಒಂದೇ ಜಿಐ ತಂತಿಯಲ್ಲಿ ಜೋಡಿಸಿ. ನಡುವೆ ತಾಮ್ರ ಸೇರಿಸಿದರೆ ಜೋಡಣೆ ಬೇಗ ತುಕ್ಕು ತಿನ್ನುತ್ತದೆ. ಮನೆಯ ಅರ್ತಿಂಗಿನಿಂದ 10 ಮೀಟರಾದರೂ ದೂರವಿರಲಿ.

ಪರೀಕ್ಷೆ ಹೀಗೆ: ಮಷಿನ್ ಆರಿಸಿ, ಅಲ್ಲಿಂದ ನೂರು ಮೀಟರ್ ಆಚೆ ತಂತಿಗೆ ಎರಡು ಮೂರು ಕಬ್ಬಿಣದ ಸಲಾಕೆ ಒರಗಿಸಿ ನೆಲಕ್ಕೆ ತಾಗಿಸಿ. ಮಷಿನ್ ಹಾಕಿದಾಗ ಬೇಲಿ 2,000 ವೋಲ್ಟಿಗಿಂತ ಕೆಳಗಿಳಿಯಬೇಕು, ಇಳಿಯದಿದ್ದರೆ ಇನ್ನಷ್ಟು ಸಲಾಕೆ ಒರಗಿಸಿ. ಈಗ ಅರ್ತಿಂಗ್ ಸಲಾಕೆಯ ಮೇಲೆ ಮೀಟರ್ ಇಡಿ. 300 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ತಿಂಗ್ ಸಾಲದು, ಸಲಾಕೆ ಹೆಚ್ಚಿಸಿ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಇಷ್ಟೆಲ್ಲ ಯಾಕೆ? ರಾತ್ರಿ ಹೊತ್ತು ಮನೆ ಕರೆಂಟನ್ನೇ ತಂತಿಗೆ ಕೊಟ್ಟರೆ ಆಗದಾ?

ಉತ್ತರ: ದಯವಿಟ್ಟು ಬೇಡ. ಮನುಷ್ಯರು ಸಾಯುತ್ತಾರೆ. ರಾತ್ರಿ ನೀರು ಕಟ್ಟಲು ಬಂದವರು, ಪಕ್ಕದ ಹೊಲದವರು, ದನ ಹುಡುಕಿಕೊಂಡು ಬಂದ ಮಕ್ಕಳು, ಕೊನೆಗೆ ನಿಮ್ಮ ಮನೆಯವರೇ ಆಗಬಹುದು. ಮನೆ ಕರೆಂಟು ನಿಲ್ಲದೆ ಹರಿಯುತ್ತದೆ, ಸ್ನಾಯು ಬಿಗಿದುಕೊಂಡು ಹಿಡಿದ ಕೈ ಬಿಡಲಾಗುವುದಿಲ್ಲ, ಹೃದಯ ನಿಲ್ಲುತ್ತದೆ. ಝಟಕಾ ಮಷಿನ್‌ನಲ್ಲಿ ವೋಲ್ಟ್ ಸಾವಿರಗಟ್ಟಲೆ ಇದ್ದರೂ ಒಂದು ಹೊಡೆತ ಕಣ್ಣು ಮಿಟುಕಿಸುವುದರೊಳಗೆ ಮುಗಿದು, ಮುಂದಿನ ಹೊಡೆತಕ್ಕೆ ಸುಮಾರು ಒಂದು ಸೆಕೆಂಡ್ ಬಿಡುವು ಇರುತ್ತದೆ. ಆ ಬಿಡುವಿನಲ್ಲೇ ಕೈ ಕಿತ್ತುಕೊಳ್ಳಲು ಆಗುವುದು. ಅಂತಾರಾಷ್ಟ್ರೀಯ ಮಾನದಂಡದಲ್ಲಿ ಒಂದು ಹೊಡೆತದ ಶಕ್ತಿಗೆ 5 ಜೂಲ್ ಮಿತಿಯಿದೆ. ಮನೆಯಲ್ಲೇ ಜೋಡಿಸಿದ ಮಷಿನ್‌ಗಳಿಗೆ ಇದ್ಯಾವ ಮಿತಿಯೂ ಇರುವುದಿಲ್ಲ, ಅವೂ ಬೇಡ.

ಮುಳ್ಳುತಂತಿಗೆ ಝಟಕಾ ಕೊಡಬೇಡಿ, ಸಿಕ್ಕಿಕೊಂಡವರು ಬಿಡಿಸಿಕೊಳ್ಳಲಾರರು. ಒಂದೇ ಬೇಲಿಗೆ ಎರಡು ಮಷಿನ್ ಜೋಡಿಸಬೇಡಿ, ಎರಡರ ಹೊಡೆತ ಬೆರೆತು ನಡುವಿನ ಬಿಡುವು ಹೋಗುತ್ತದೆ. ಕರೆಂಟಿನ ಲೈನಿನ ಕೆಳಗೆ ಅದರ ಉದ್ದಕ್ಕೂ ಬೇಲಿ ಓಡಿಸಬೇಡಿ, ದಾಟಲೇಬೇಕಾದರೆ ಅಡ್ಡಲಾಗಿ ದಾಟಿಸಿ. ಜನ ಓಡಾಡುವ ಕಡೆಯೆಲ್ಲ ಹಳದಿ ಎಚ್ಚರಿಕೆ ಫಲಕ ಕಟ್ಟಿ.

ಪ್ರಶ್ನೆ: ಬೆಳಗ್ಗೆ ನೋಡಿದರೆ ಹಂದಿ ಬೇಲಿಯೊಳಗೇ ಉಳಿದಿದ್ದರೆ?

ಉತ್ತರ: ಸುತ್ತುವರಿಯಬೇಡಿ, ನಾಯಿ ಬಿಡಬೇಡಿ. ದಾರಿ ಕಾಣದ ಹಂದಿ ಎದುರಿಗಿದ್ದವರ ಮೇಲೇ ಬರುತ್ತದೆ. ಗಂಡಿನ ಕೋರೆ ತೊಡೆ, ಮೊಣಕಾಲಿನ ಮಟ್ಟಕ್ಕೆ ಸೀಳುತ್ತದೆ, ಮರಿಯಿರುವ ಹೆಣ್ಣಂತೂ ಇನ್ನೂ ಅಪಾಯ. ಮಷಿನ್ ಆರಿಸಿ, ಕಾಡಿನ ಅಥವಾ ಪೊದೆಯ ಕಡೆಯ ತಂತಿಯನ್ನು ಹತ್ತು ಹದಿನೈದು ಮೀಟರ್ ಅಗಲ ಬಿಚ್ಚಿ ನೆಲಕ್ಕೆ ಮಲಗಿಸಿ. ಎಲ್ಲರೂ ಎದುರು ಬದಿಗೆ ಬಂದು, ದೂರದಿಂದ ತಗಡು ಬಡಿಯುತ್ತಾ ನಿಧಾನಕ್ಕೆ ಸದ್ದು ಮಾಡಿ. ಬಿಚ್ಚಿದ ಕಡೆ ಯಾರೂ ನಿಲ್ಲಬಾರದು. ಹಂದಿ ಹೋದ ಮೇಲೆ ಅದು ಒಳಬಂದ ಜಾಗವನ್ನು ಹೆಜ್ಜೆ ನೋಡಿ ಪತ್ತೆಮಾಡಿ ಸರಿಪಡಿಸಿ, ತಂತಿ ಕಟ್ಟಿ, ಕತ್ತಲಾಗುವ ಮುಂಚೆ ಮಷಿನ್ ಹಾಕಿ ತುದಿಯ ಕಂಬದಲ್ಲಿ ವೋಲ್ಟ್ ನೋಡಿ.