ಎಕರೆ ಅಂದ್ರ ಮೊದಲ ಏನಿತ್ತು? 43,560 ಎಲ್ಲಿಂದ ಬಂತು?

ಪ್ರಶ್ನೆ, ಬಾಗಲಕೋಟೆಯಿಂದ
ಎಕರೆ ಇಂಗ್ಲಿಷ್ ಶಬ್ದ ಅಂತ ಗೊತ್ತೈತಿ. ಅಲ್ಲಿ ಅದರ ಮೂಲ ಅರ್ಥ ಏನ್ರಿ? 43,560 ಚದರ ಅಡಿ ಅನ್ನೋ ಅಡ್ಡಾದಿಡ್ಡಿ ಲೆಕ್ಕ ಯಾಕ? ಉತಾರದಾಗ (ಪಹಣಿಯೊಳಗ) 2-20 ಅಂತ ಇದ್ರ 2.20 ಎಕರೆ ಅಂತ ಹಿಡೀಬಹುದೇನು?

ಉತ್ತರ, ಬೆಳಗಾವಿಯಿಂದ
ಹಳೇ ಇಂಗ್ಲಿಷ್‌ನಾಗ ಈ ಶಬ್ದಕ್ಕ ಬರೇ ‘ಹೊಲ’ ಅಂತ ಅರ್ಥ, ಅಳತಿ ಅಲ್ಲ. ಲ್ಯಾಟಿನ್ನಿನ ‘ಅಗೆರ್’, ಜರ್ಮನ್ನಿನ ‘ಆಕರ್’, ಸಂಸ್ಕೃತದ ‘ಅಜ್ರ’ ಎಲ್ಲಾ ಒಂದ ಬೇರಿನವು. ಚರ್ಚಿನ ಸ್ಮಶಾನಕ್ಕ ‘ಗಾಡ್ಸ್ ಏಕರ್’ ಅಂತಾರಲ್ಲ, ಅಲ್ಲಿ ಹಳೇ ಅರ್ಥ ಇನ್ನೂ ಉಳದೈತಿ. ಆ ಜಾಗ ಎಷ್ಟ ಇದ್ರೂ ಹೆಸರು ಅದ.

ಮುಂದ ಎತ್ತು ಹೂಡಿ ಒಂದು ದಿನಕ್ಕ ಉಳೋವಷ್ಟು ನೆಲಕ್ಕ ಎಕರೆ ಅಂದ್ರು. ಭಾರೀ ನೇಗಿಲು, ಎಂಟೆತ್ತಿನ ಹೂಟಿ. ಪದೇಪದೇ ಹೊಳ್ಳಿಸೋದು ಬಲು ಕಷ್ಟ. ಅದಕ್ಕ ಪಟ್ಟಿ ಉದ್ದ ಇಟ್ರು: 660 ಅಡಿ ಉದ್ದ, 66 ಅಡಿ ಅಗಲ. ಗುಣಿಸಿದ್ರ 43,560. ಆ 660 ಅಡಿಗೇ ಫರ್ಲಾಂಗ್ ಅಂತಾರ, ಅಂದ್ರ ಒಂದು ಸಾಲಿನ ಉದ್ದ. 1620ರ ಸುಮಾರಿಗೆ ಇಂಗ್ಲೆಂಡಿನ ಗಣಿತಜ್ಞ ಎಡ್ಮಂಡ್ ಗುಂಟರ್ ಆ 66 ಅಡಿಗೆ 100 ಕೊಂಡಿ ಹಾಕಿ ಸರಪಳಿ ಮಾಡಿದ. 10 ಚದರ ಸರಪಳಿಗೆ ಎಕರೆ.

ಎಲ್ಲಾ ಕಡೆ ಇದ ಅಳತಿ ಇರಲಿಲ್ಲ. ನೆಲ ಅಳೆಯೋ ಕೋಲು ಇಂಗ್ಲೆಂಡಿನಾಗ 16½ ಅಡಿ, ಐರ್ಲೆಂಡಿನದು 21 ಅಡಿ. ಹಿಂಗಾಗಿ ಇಂಗ್ಲಿಷ್ ಎಕರೆ 4,840 ಚದರ ಗಜ, ಐರಿಷ್ ಎಕರೆ 7,840. ಹಳೇ ದಾಖಲೆ ಓದೋವಾಗ ಯಾವ ದೇಶದ್ದು ಅಂತ ಮೊದಲ ನೋಡ್ರಿ.

ಉತ್ತರ, ವಿಜಯಪುರದಿಂದ
2-20 ಅಂದ್ರ 2 ಎಕರೆ 20 ಗುಂಟೆ, ಅಂದ್ರ ಎರಡೂವರಿ ಎಕರೆ. 2.20 ಅಂತ ಹಿಡಿದ್ರ ಅದು 2 ಎಕರೆ 8 ಗುಂಟೆ ಆಗ್ತದ. 12 ಗುಂಟೆ, 13,068 ಚದರ ಅಡಿ, ಲೆಕ್ಕದಾಗೇ ಹೋಗ್ತದ. ಗುಂಟೆಗೆ 40ರಿಂದ ಭಾಗಿಸಿ ಆಮೇಲೆ ಎಕರೆಗೆ ಕೂಡಿಸ್ರಿ. ಕಂಪ್ಯೂಟರಿನಾಗ 1.30, 1.30 ಕೂಡಿಸಿದ್ರ 2.60 ಬರ್ತದ, ಖರೇ ಉತ್ತರ 3-20.

ಮುಂಬೈ ಪ್ರಾಂತ್ಯದ ಸರ್ವೇದವರು 66ರ ಅರ್ಧ, 33 ಅಡಿ ಸರಪಳಿ ಹಿಡಿದ್ರು, ಅದರಾಗ 16 ಭಾಗ, ಒಂದೊಂದು ಭಾಗಕ್ಕ ಆಣೆ ಅಂತಿದ್ರು. 33 ಅಡಿ ಚೌಕ ಅಂದ್ರ 1,089 ಚದರ ಅಡಿ, ಅದ ಒಂದು ಗುಂಟೆ.

ಉತ್ತರ, ಮುಧೋಳದಿಂದ
ನಮ್ಮ ಕಡೆ ‘ಕೂರಿಗಿ’ ಲೆಕ್ಕಾನೂ ಹಂಗ ಹುಟ್ಟಿದ್ದು: ಒಂದು ಕೂರಿಗಿ ದಿನಕ್ಕ ಬಿತ್ತೋ ನೆಲ. ಆದ್ರ ಅದು ಊರಿಂದ ಊರಿಗೆ ಬದಲಾಗ್ತೈತಿ. ಖರೀದಿ ಪತ್ರಕ್ಕ ಎಕರೆ-ಗುಂಟೆನ ಬರೆಸ್ರಿ, ಆಕಾರಬಂದ್ (ಸರ್ವೇ ನಂಬರಿನ ವಿಸ್ತೀರ್ಣದ ದಾಖಲೆ) ತಗದು ಖರಾಬ್ (ಸಾಗುವಳಿಗೆ ಬಾರದ ನೆಲ) ಎಷ್ಟೈತಿ ಅಂತ ಕಳದು ನೋಡ್ರಿ.