ಕಾಲುವೆ ಕಲ್ಲಿನ ಮೇಲೆ ಹಸಿರು ಪದರ: ಸ್ಪಂಜೋ, ಪಾಚಿಯೋ?

ಗಂಗಾವತಿ ಬಿಎಸ್ಸಿ:
ಎಡದಂಡೆ ಕಾಲುವೆ ನೀರು ನಿಲ್ಲಿಸಿದ ಮೇಲೆ ಗುಂಡಿಗಳಲ್ಲಿ ಉಳಿದ ನೀರಿನ ಕಲ್ಲುಗಳಿಗೆ ಹಸಿರು-ಬೂದು ಪದರ ಅಂಟಿಕೊಂಡೈತಿ, ಮೇಲೆಲ್ಲಾ ಸಣ್ಣ ತೂತು. ಪ್ರಾಕ್ಟಿಕಲ್‌ಗೆ ಸ್ಪಂಜು ಪ್ರಾಣಿ ಅಂತ ತೋರಿಸಬಹುದಾ? ಖಾತ್ರಿ ಮಾಡ್ಕೊಳ್ಳೋದು ಹೆಂಗ? ಜೆಲ್ಲಿ ಮೀನಿನಂಗ ಕುಟುಕತೈತಾ?

ಮುನಿರಾಬಾದ್ ಮೇಷ್ಟ್ರು:
ಬಣ್ಣ ನಂಬಬ್ಯಾಡ್ರಿ. ಬೆಳಕು ಬೀಳೋ ಕಡೆ ಸ್ಪಂಜಿನ ಕೋಶಗಳೊಳಗ ಪಾಚಿ ವಾಸ ಮಾಡತೈತಿ, ಅದಕ್ಕ ಹಸಿರು. ಅದೇ ಪ್ರಾಣಿ ಕಲ್ಲಿನ ಅಡಿ ಬೂದು ಇರತೈತಿ. ಮುಟ್ಟಿದ್ರ ಪಾಚಿ ಜಾರತೈತಿ, ಸ್ಪಂಜು ಒರಟು.

ಖಾತ್ರಿಗೆ ಸ್ಪಿಕ್ಯೂಲ್, ಅಂದ್ರ ಸ್ಪಂಜಿನ ಮೈಯೊಳಗಿನ ಸಣ್ಣ ಸೂಜಿಗಳನ್ನ ನೋಡ್ರಿ. ಕಡಲೆಕಾಳಿನಷ್ಟು ತುಂಡು ಗಾಜಿನ ನಳಿಕೆಗೆ ಹಾಕಿ, ಮುಳುಗುವಷ್ಟು ಬಟ್ಟೆಯ ಬ್ಲೀಚ್ ದ್ರಾವಣ ಸುರಿದು ರಾತ್ರಿಯಿಡೀ ಬಿಡ್ರಿ. ಮಾಂಸಲ ಭಾಗ ಕರಗಿ ತಳದಾಗ ಬಿಳಿ ಪುಡಿ ಉಳಿತೈತಿ. ಮೇಲಿನ ದ್ರಾವಣ ಬಸಿದು, ನೀರು ಹಾಕಿ, ಪುಡಿ ಪೂರ್ತಿ ತಳಕ್ಕ ಕೂತ ಮೇಲೆ ಮತ್ತೆ ಬಸೀರಿ. ಮೂರು ಸಲ ಹಿಂಗ ಮಾಡಿ ಒಂದು ಹನಿ ಸ್ಲೈಡಿಗೆ. ಅವಸರ ಮಾಡಿ ಬಸಿದ್ರ ಸ್ಪಿಕ್ಯೂಲೆಲ್ಲಾ ನೀರಿನ ಜೊತಿ ಹೋಗತಾವ. ಬ್ಲೀಚಿಗೆ ಆಮ್ಲ ಮಾತ್ರ ಸೇರಿಸಬ್ಯಾಡ್ರಿ, ಕ್ಲೋರಿನ್ ಅನಿಲ ಬರತೈತಿ. ಸಿಹಿನೀರಿನ ಸ್ಪಂಜಿನ ಸೂಜಿಗಳು ಸಿಲಿಕಾದವು, ಅಂದ್ರ ಗಾಜಿನಂಥವು. ಸಾಮಾನ್ಯ ಆಮ್ಲಕ್ಕ ಹೆಂಗೂ ಕರಗಲ್ಲ.

ರಾಯಚೂರು ಝೂಆಲಜಿ:
ಮೇಲಿನದಕ್ಕೆ ಒಂದು ಸೇರ್ಪಡೆ. ಡಯಾಟಮ್ ಎಂಬ ಒಂಟಿಕೋಶದ ಪಾಚಿಯ ಚಿಪ್ಪುಗಳೂ ಸಿಲಿಕಾವೇ, ಬ್ಲೀಚಿನಲ್ಲಿ ಅವೂ ಉಳಿಯುತ್ತವೆ. ಕೆಲವು ಉದ್ದಕ್ಕೆ, ತೆಳ್ಳಗೆ ಇರುವುದರಿಂದ ಮೋಸ ಹೋಗುವುದು ಸುಲಭ. 400 ಪಟ್ಟು ಹಿಗ್ಗಿಸಿ ನೋಡಿ: ಡಯಾಟಮ್ ಮೇಲೆ ಸಾಲು ಗೀರು ಕಾಣಬಹುದು, ಸ್ಪಿಕ್ಯೂಲ್ ಎರಡೂ ತುದಿ ಚೂಪಾದ ಗಾಜಿನ ಕಡ್ಡಿ, ನಡುವೆ ಸಣ್ಣ ಕಾಲುವೆ.

ಪದರದ ಬುಡದಲ್ಲಿ ಗುಂಡುಸೂಜಿ ತಲೆಗಿಂತ ಚಿಕ್ಕ, ಹಳದಿ-ಕಂದು ಗುಂಡುಗಳಿವೆಯೇ? ಅವು ಜೆಮ್ಮ್ಯೂಲ್‌ಗಳು, ಹೊಸ ಸ್ಪಂಜು ಹುಟ್ಟುವ ಗುಂಡುಗಳು. ನೀರು ಬತ್ತಿದಾಗ ಸ್ಪಂಜು ಸತ್ತರೂ ಇವು ಒಣಗಿಯೂ ಬದುಕಿರುತ್ತವೆ. ಚಪ್ಪಟೆ ತಟ್ಟೆಯಂತಿದ್ದರೆ ಅದು ಬ್ರಯೊಜೋವಾ ಎಂಬ ಬೇರೆಯೇ ಪ್ರಾಣಿಯ ಬೀಜಕಾಯ.

ಕುಟುಕುವ ಪ್ರಶ್ನೆ: ಇಲ್ಲ. ಸ್ಪಂಜಿಗೆ ಕುಟುಕು ಕೋಶವಿಲ್ಲ, ನರವಿಲ್ಲ, ಬಾಯಿಯೂ ಇಲ್ಲ. ಕುಟುಕು ಕೋಶ ಇರುವುದು ಜೆಲ್ಲಿ ಮೀನು, ಹೈಡ್ರಾ, ಹವಳಗಳ ಗುಂಪಿನಲ್ಲಿ. ಆದರೆ ಮುಟ್ಟಿದ ಕೈಯಿಂದ ಕಣ್ಣುಜ್ಜಬೇಡಿ, ಸೂಜಿಗಳು ಚುಚ್ಚುತ್ತವೆ. ಪುಸ್ತಕದ ಸೈಕಾನ್ ಎಂಬ ಸ್ಪಂಜಿನ ಚಿತ್ರ ಹಿಡಿದು ಹೋಲಿಸಲೂಬೇಡಿ; ಅದು ಸಮುದ್ರದ್ದು, ಸುಣ್ಣದ ಸ್ಪಿಕ್ಯೂಲಿನದು.

ಗಂಗಾವತಿ ಬಿಎಸ್ಸಿ:
ಜೀವಂತ ತರಬೇಕಂದ್ರ?

ಮುನಿರಾಬಾದ್ ಮೇಷ್ಟ್ರು:
ಕಲ್ಲಿನ ಸಮೇತ, ನೀರಿನೊಳಗೇ ಬಕೆಟ್ಟಿಗೆ ಸರಿಸಿಕೊಳ್ರಿ. ಮೇಲೆತ್ತಿದ್ರ ನಾಳಗಳೊಳಗ ಗಾಳಿ ಸಿಕ್ಕಿ ನೀರಿನ ಹರಿವು ಕಟ್ಟತೈತಿ, ಸ್ಪಂಜು ಕೊಳಿತೈತಿ. ಬೆಳಿಗ್ಗೇನ ತರ್ರಿ, ನಮ್ಮ ಬಿಸಿಲಿಗೆ ಬಕೆಟ್ ನೀರಿನ ಆಮ್ಲಜನಕ ಬೇಗ ಇಳಿತೈತಿ. ನಳದ ಕ್ಲೋರಿನ್ ನೀರು ಬ್ಯಾಡ, ಅದೇ ಗುಂಡಿ ನೀರು ತುಂಬಿಕೊಳ್ರಿ. ತರಗತಿಯೊಳಗ ಡ್ರಾಪರಿನಿಂದ ತೆಳುವಾದ ಹಾಲು ಒಂದು ಹನಿ ಮೈ ಹತ್ತಿರ ಬಿಡ್ರಿ. ದೊಡ್ಡ ತೂತಿನಿಂದ ಬಿಳಿ ಎಳೆ ಹೊರಗ ಬಂದ್ರ ಜೀವ ಐತಿ ಅಂತ. ಹೆಚ್ಚು ಹಾಕಿದ್ರ ನೀರೇ ಕೆಡತೈತಿ.